ಆದಿಲಶಾಹಿಯ ಮೂಲಪುರುಷ ಯೂಸುಫ್ ಆದಿಲ್ ಖಾನ

ವಿಜಯಪುರಕ್ಕೆ ಹೋದವರಾರೂ ಗೋಳಗುಮ್ಮಟವನ್ನು ನೋಡದೆ ಹಿಂದಿರುಗುವುದಿಲ್ಲ. ಅದರ ಪಿಸುಮಾತಿನ ಮೊಗಸಾಲೆಯಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿ, ಅದು ಮರಳಿ ಮರಳಿ ಕೇಳಿಬರುವುದನ್ನು ಆಲಿಸಿ ಬೆರಗಾಗದವರು ಯಾರು? ಇಬ್ರಾಹಿಂ ರೋಜಾದ ಕಲ್ಲಿನ ಕುಸುರಿಗೆಲಸವನ್ನು ಕಂಡು ತಲೆದೂಗದವರು ಯಾರು? ಇವೆಲ್ಲ ಆದಿಲಶಾಹಿ ಅರಸರ ವೈಭವದ ಸಾಕ್ಷಿಗಳು. ಆದರೆ ವಾಚಕರೇ, ಈ ವಂಶವನ್ನು ಸ್ಥಾಪಿಸಿದ ಮೊದಲ ದೊರೆಯ ಸಮಾಧಿ ಎಲ್ಲಿದೆ ಎಂದು ನಿಮ್ಮಲ್ಲಿ ಎಷ್ಟು ಮಂದಿ ಕೇಳಿಕೊಂಡಿದ್ದೀರಿ? ಅದು ವಿಜಯಪುರದಲ್ಲಿಲ್ಲ. ಇಂದಿನ ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿ ಎಂಬ ಊರಿನಲ್ಲಿ, ಚಂದಾ ಹುಸೇನಿ ಎಂಬ ಸೂಫಿ ಸಂತನ ದರ್ಗಾದ ಆವರಣದಲ್ಲಿ, ಯೂಸುಫ್ ಆದಿಲ್ ಖಾನನು ಮಲಗಿದ್ದಾನೆ. ಎರಡು ಶತಮಾನಗಳ ಕಾಲ ಕೃಷ್ಣಾ ಭೀಮಾ ತೀರಗಳನ್ನಾಳಿದ ಮನೆತನದ ಮೂಲಪುರುಷನು ಹೀಗೆ ಒಬ್ಬ ಸಂತನ ನೆರೆಯಲ್ಲಿ, ಗುಮ್ಮಟದ ಆಡಂಬರವಿಲ್ಲದೆ ಮಲಗಿರುವುದು ವಿಚಾರ ಮಾಡತಕ್ಕ ಸಂಗತಿ.

ಯೂಸುಫನು ಅರಸನಾಗಿ ಈ ನಾಡಿಗೆ ಬಂದವನಲ್ಲ. ಬಹಮನಿ ಸುಲ್ತಾನರ ಅಧೀನದಲ್ಲಿ ಪ್ರಾಂತವನ್ನಾಳುವ ಅಧಿಕಾರಿಯಾಗಿದ್ದವನು. ಅಂಥವನು ತನ್ನದೇ ಒಂದು ರಾಜವಂಶವನ್ನು ಕಟ್ಟಿದ್ದು ಹೇಗೆ? ಒಡೆಯನಿಗೆ ದ್ರೋಹ ಬಗೆದು ರಾಜ್ಯವನ್ನು ಕಬಳಿಸಿದನೆಂದು ಹೇಳಿ ಮುಗಿಸುವುದು ಸುಲಭ. ಇತಿಹಾಸವನ್ನು ತುಸು ತಾಳ್ಮೆಯಿಂದ ಪರಿಶೀಲಿಸಿದರೆ, ಆ ದೋಷದ ಬಹುಪಾಲು ರಾಜಧಾನಿಯಾದ ಬೀದರಿಗೇ ಸೇರಬೇಕಾದುದೆಂಬುದು ಮನವರಿಕೆಯಾಗುತ್ತದೆ. ಈ ಲೇಖನದ ಉದ್ದೇಶ ಅದನ್ನು ನಿಮ್ಮ ಮುಂದಿಡುವುದೇ ಆಗಿದೆ.

ಬಹಮನಿ ರಾಜ್ಯವೂ ಹುಟ್ಟಿದ್ದು ಇಂಥದೇ ರೀತಿಯಲ್ಲಿ ಎಂಬುದನ್ನು ಮೊದಲು ನೆನಪಿಡಬೇಕು. ದಿಲ್ಲಿಯ ಮುಹಮ್ಮದ್ ಬಿನ್ ತುಘಲಕನ ಆಡಳಿತಕ್ಕೆ ಬೇಸತ್ತ ದಖ್ಖನಿನ ಅಮೀರರು ದಂಗೆಯೆದ್ದು, ಕ್ರಿ.ಶ. ೧೩೪೭ರಲ್ಲಿ ಹಸನ್ ಎಂಬ ಅಧಿಕಾರಿಯನ್ನು ಸಿಂಹಾಸನಕ್ಕೇರಿಸಿದರು. ಗುಲ್ಬರ್ಗಾ ಅವನ ರಾಜಧಾನಿಯಾಯಿತು. ಮುಂದೆ ಅಹಮದ್ ಶಾಹನ ಕಾಲದಲ್ಲಿ ರಾಜಧಾನಿ ಬೀದರಿಗೆ ಸಾಗಿತು. ದೂರದ ಕೇಂದ್ರದ ಮೇಲೆ ವಿಶ್ವಾಸವಳಿದಾಗ ಪ್ರಾಂತಗಳು ಕಳಚಿಕೊಳ್ಳುತ್ತವೆ ಎಂಬ ಪಾಠವನ್ನು ಬಹಮನಿಗಳು ತಮ್ಮ ಜನ್ಮದಿಂದಲೇ ಕಲಿಯಬಹುದಾಗಿತ್ತು. ಅವರು ಕಲಿಯಲಿಲ್ಲ.

ಆ ರಾಜ್ಯದಲ್ಲಿ ನಾಲ್ಕು ದೊಡ್ಡ ಪ್ರಾಂತಗಳಿದ್ದವು. ಅವುಗಳಿಗೆ ತರಫ್ ಎಂದೂ, ಆಳುವವನಿಗೆ ತರಫದಾರನೆಂದೂ ಹೆಸರು. ತೆರಿಗೆ ವಸೂಲಿ, ಸೈನ್ಯ, ಕೋಟೆ ಕೊತ್ತಲಗಳೆಲ್ಲವೂ ತರಫದಾರನ ಕೈಯಲ್ಲೇ. ರಾಜ್ಯ ಹಿಗ್ಗಿದಂತೆ ತರಫದಾರರ ಬಲವೂ ಹಿಗ್ಗಿತು. ಇದರ ಅಪಾಯವನ್ನು ಸ್ಪಷ್ಟವಾಗಿ ಕಂಡವನು ಮಹಮೂದ್ ಗವಾನ. ಪರ್ಷಿಯಾದ ಗೀಲಾನ್ ಪ್ರಾಂತದಿಂದ ವ್ಯಾಪಾರಕ್ಕೆಂದು ೧೪೫೩ರಲ್ಲಿ ಬೀದರಿಗೆ ಬಂದ ಈತ, ತನ್ನ ವಿದ್ಯೆ ಮತ್ತು ನಿಷ್ಠೆಗಳ ಬಲದಿಂದ ಪ್ರಧಾನಿಯ ಪದವಿಗೇರಿದನು. ೧೪೭೨ರಲ್ಲಿ ಆತ ಬೀದರಿನಲ್ಲಿ ಕಟ್ಟಿಸಿದ ಮದರಸಾದ ನೀಲಿ ಹಂಚಿನ ಗೋಡೆಗಳನ್ನು ಇಂದಿಗೂ ನಾವು ನೋಡಬಹುದು. ಗೋವೆಯನ್ನು ಗೆದ್ದು ಬಹಮನಿ ರಾಜ್ಯಕ್ಕೆ ಸೇರಿಸಿದವನೂ ಆತನೇ.

ಗವಾನನು ನಾಲ್ಕು ತರಫುಗಳನ್ನು ಎಂಟಾಗಿ ಒಡೆದನು. ಪ್ರತಿಯೊಬ್ಬ ತರಫದಾರನ ವಶದಲ್ಲಿ ಒಂದೇ ಒಂದು ಕೋಟೆಯನ್ನುಳಿಸಿ, ಮಿಕ್ಕ ಕೋಟೆಗಳಿಗೆ ಸುಲ್ತಾನನೇ ನೇರವಾಗಿ ಕಿಲ್ಲೇದಾರರನ್ನು ನೇಮಿಸುವಂತೆ ಮಾಡಿದನು. ಪ್ರಾಂತದ ಕೆಲವು ಗ್ರಾಮಗಳ ಕಂದಾಯ ನೇರವಾಗಿ ಬೊಕ್ಕಸಕ್ಕೆ ಸಲ್ಲಬೇಕೆಂದು ಗೊತ್ತುಪಡಿಸಿದನು. ಸರದಾರನು ಲೆಕ್ಕದಲ್ಲಿ ತೋರಿಸಿದಷ್ಟು ಸೈನಿಕರನ್ನು ಇಟ್ಟಿರದಿದ್ದರೆ ಆ ಮೊತ್ತವನ್ನು ಹಿಂದಿರುಗಿಸಬೇಕೆಂಬ ನಿಯಮವೂ ಬಂದಿತು. ರಾಜ್ಯದ ಹಿತಕ್ಕೆ ಇವು ಒಳ್ಳೆಯ ಸುಧಾರಣೆಗಳು. ಆದರೆ ಅಧಿಕಾರದ ರುಚಿ ಕಂಡವರ ಕಣ್ಣಿಗೆ ಗವಾನನು ಮುಳ್ಳಾದನು.

ಇದಕ್ಕೆ ಪೂರಕವಾಗಿ ಆಸ್ಥಾನದಲ್ಲಿ ಮತ್ತೊಂದು ವೈಮನಸ್ಯವೂ ಬೇರೂರಿತ್ತು. ತಲೆಮಾರುಗಳಿಂದ ಇಲ್ಲಿಯೇ ನೆಲೆಸಿದ್ದ ದಖನಿಗಳು ಒಂದು ಕಡೆ. ಇರಾನ್, ತುರ್ಕಿ ಮೊದಲಾದ ದೇಶಗಳಿಂದ ಹೊಸದಾಗಿ ಬಂದ ಪರದೇಶಿಗಳು ಇನ್ನೊಂದು ಕಡೆ. ಗವಾನನು ಎರಡೂ ಪಕ್ಷದವರಿಗೆ ಸಮನಾಗಿ ಪದವಿಗಳನ್ನು ಹಂಚಿದರೂ, ಆತ ಸ್ವತಃ ಪರದೇಶಿಯಾದುದರಿಂದ ಸಂಶಯ ಹೋಗಲಿಲ್ಲ.

ಈ ಗವಾನನ ಆಶ್ರಯದಲ್ಲಿ ಬೆಳೆದವನೇ ನಮ್ಮ ಯೂಸುಫ್. ಆತನ ಹುಟ್ಟಿನ ಬಗ್ಗೆ ಸ್ವಾರಸ್ಯವಾದ ಕಥೆಯೊಂದಿದೆ. ತುರ್ಕಿಯ ಆಟೊಮನ್ ಸುಲ್ತಾನ ಮುರಾದನ ಮಗ ಯೂಸುಫ್; ಸಿಂಹಾಸನಕ್ಕೇರಿದ ಅಣ್ಣ ಆತನನ್ನು ಕೊಲ್ಲಿಸಬೇಕೆಂದಿದ್ದಾಗ ತಾಯಿಯು ಮಗನನ್ನು ಒಬ್ಬ ವರ್ತಕನಿಗೊಪ್ಪಿಸಿ ಪರ್ಷಿಯಾದ ಸಾವೆ ಪಟ್ಟಣಕ್ಕೆ ಸಾಗಿಸಿದಳು; ಅಲ್ಲಿಂದ ಆತ ದಖ್ಖನಿಗೆ ಬಂದನು ಎಂಬುದು ಆ ಕಥೆ. ಇದನ್ನು ಬರೆದಿಟ್ಟವನು ಇತಿಹಾಸಕಾರ ಫಿರಿಶ್ತಾ. ಆದರೆ ಫಿರಿಶ್ತಾನು ಯೂಸುಫನ ಕಾಲದವನಲ್ಲ; ನೂರು ವರ್ಷಗಳ ಅನಂತರ, ಅದೇ ವಂಶದ ಎರಡನೆಯ ಇಬ್ರಾಹಿಮನ ಆಸ್ಥಾನದಲ್ಲಿ ಕುಳಿತು ಬರೆದವನು. ಆಶ್ರಯ ಕೊಟ್ಟ ಮನೆತನಕ್ಕೆ ಉನ್ನತವಾದ ಮೂಲವನ್ನು ಹೇಳುವುದು ಎಲ್ಲ ಕಾಲದ ಆಸ್ಥಾನಗಳಲ್ಲಿಯೂ ಇದ್ದ ರೂಢಿಯೇ. ಬೇರೆ ಬರಹಗಾರರು ಬೇರೆ ಮೂಲವನ್ನು ಹೇಳಿದ್ದಾರೆ. ಯೂಸುಫನ ಯೋಗ್ಯತೆಯನ್ನು ಅಳೆಯಲು ನಮಗೆ ಈ ವಂಶಾವಳಿಯ ಅಗತ್ಯವಿಲ್ಲ. ಪರದೇಶದಿಂದ ನಿರ್ಗತಿಕನಾಗಿ ಬಂದು, ಸುಲ್ತಾನನ ಸೇವೆಗೆ ಸೇರಿ, ಗವಾನನ ವಿಶ್ವಾಸ ಗಳಿಸಿ, ದೌಲತಾಬಾದಿನ ತರಫದಾರನಾಗುವ ಮಟ್ಟಕ್ಕೆ ಏರಿದನೆಂಬುದೇ ಸಾಕು.

ಈಗ ಕಥೆಯ ಮುಖ್ಯ ಘಟ್ಟಕ್ಕೆ ಬರೋಣ. ೧೪೮೧ರಲ್ಲಿ ಸುಲ್ತಾನ ಮೂರನೆಯ ಮುಹಮ್ಮದ್ ಶಾಹನು ಆಂಧ್ರದ ಕೊಂಡಪಲ್ಲಿಯಲ್ಲಿ ಬೀಡುಬಿಟ್ಟಿದ್ದನು. ಗವಾನನ ವಿರೋಧಿಗಳು ಆತನ ಮುದ್ರಾಧಿಕಾರಿಯನ್ನು ಮರುಳುಮಾಡಿ, ಬರಿಯ ಕಾಗದವೊಂದಕ್ಕೆ ಪ್ರಧಾನಿಯ ಮುದ್ರೆಯನ್ನು ಒತ್ತಿಸಿಕೊಂಡರು. ಅದರ ಮೇಲೆ ಒರಿಸ್ಸದ ಅರಸನನ್ನು ದಂಡೆತ್ತಿ ಬರುವಂತೆ ಆಹ್ವಾನಿಸುವ ಕಪಟ ಪತ್ರವನ್ನು ಬರೆದು, ಸುಲ್ತಾನನು ಪಾನಮತ್ತನಾಗಿದ್ದ ವೇಳೆಯಲ್ಲಿ ಅವನ ಕೈಗಿತ್ತರು. ಈ ಕುತಂತ್ರದ ಮುಂದಾಳು ತೆಲಂಗಾಣದ ತರಫದಾರನಾಗಿದ್ದ ಮಲಿಕ್ ಹಸನ್ ನಿಜಾಮುಲ್ ಮುಲ್ಕ್. ಗವಾನನಿಗೆ ಕರೆ ಬಂದಿತು. ಹೋಗಬೇಡವೆಂದು ಆಪ್ತರು ಬೇಡಿಕೊಂಡರೂ ಕೇಳದೆ ಆತ ಹೋದನು. ಮುದ್ರೆ ತನ್ನದೇ, ಪತ್ರ ಮಾತ್ರ ತನ್ನದಲ್ಲ ಎಂದು ಹೇಳಿದನು. ವಿಚಾರಣೆಯೇ ನಡೆಯಲಿಲ್ಲ. ಏಪ್ರಿಲ್ ೫ರಂದು, ಎಪ್ಪತ್ತು ವರ್ಷ ವಯಸ್ಸಿನ ಆ ವೃದ್ಧನ ಶಿರಚ್ಛೇದವಾಯಿತು. ಅನಂತರ ಆತನ ಭಂಡಾರವನ್ನು ಶೋಧಿಸಿದಾಗ ದೊರೆತದ್ದು ಅತ್ಯಲ್ಪ. ಸ್ವಂತ ಖರ್ಚಿಗೆ ತನ್ನ ವ್ಯಾಪಾರದ ಲಾಭವನ್ನು ಬಳಸಿ, ಜಹಗೀರಿಯ ಉತ್ಪನ್ನವನ್ನು ಸೈನಿಕರಿಗೂ ಬಡವರಿಗೂ ವಿನಿಯೋಗಿಸಿದ್ದನೆಂದು ತಿಳಿದುಬಂದಿತು. ಸುಲ್ತಾನನು ಪಶ್ಚಾತ್ತಾಪಪಟ್ಟನು. ಆದರೆ ಕಡಿದ ತಲೆಯನ್ನು ಮತ್ತೆ ಜೋಡಿಸುವವರುಂಟೆ?

ವಾಚಕರೇ, ಬಹಮನಿ ರಾಜ್ಯ ಒಡೆದದ್ದು ೧೪೯೦ರಲ್ಲಿ ಎಂದು ಶಾಲೆಯ ಪುಸ್ತಕಗಳಲ್ಲಿ ನಾವು ಓದಿದ್ದೇವೆ. ನಿಜವಾಗಿ ಅದು ಒಡೆದದ್ದು ಆ ಏಪ್ರಿಲ್ ೫ರಂದೇ. ಹೇಗೆಂಬುದನ್ನು ನೋಡಿರಿ. ಗವಾನನ ವಧೆಯ ಸುದ್ದಿ ಕೇಳಿದೊಡನೆ ಹಿರಿಯ ಸರದಾರರಾದ ಫತೇವುಲ್ಲಾ ಇಮಾದುಲ್ ಮುಲ್ಕ್ ಮತ್ತು ಖುದಾವಂದ ಖಾನರು ತಮ್ಮ ಸೈನ್ಯಗಳೊಂದಿಗೆ ಸುಲ್ತಾನನ ಬೀಡಿನಿಂದ ದೂರ ಸರಿದು ಬೇರೆ ಡೇರೆ ಹಾಕಿದರು. ಕಾರಣ ಕೇಳಿ ಕಳುಹಿಸಿದಾಗ, ಯೂಸುಫ್ ಆದಿಲ್ ಖಾನನು ಬಂದ ಮೇಲೆ ನೋಡೋಣ ಎಂಬ ಉತ್ತರ ಬಂದಿತು. ಯೂಸುಫನು ಆಗ ದೂರದ ದಂಡಯಾತ್ರೆಯಲ್ಲಿದ್ದನು. ಹಿಂದಿರುಗಿ ಬಂದು ಆತನೂ ಅವರ ಮಗ್ಗುಲಲ್ಲೇ ಬೀಡುಬಿಟ್ಟನು. ಅವರನ್ನು ಸಮಾಧಾನಪಡಿಸುವ ಸಲುವಾಗಿ ಸುಲ್ತಾನನು ಗವಾನನ ಅಧೀನದಲ್ಲಿದ್ದ ಬಿಜಾಪುರದ ತರಫನ್ನು ಯೂಸುಫನಿಗೆ ವಹಿಸಿಕೊಟ್ಟನು. ಆದರೂ ಈ ಸರದಾರರು ಸುಲ್ತಾನನನ್ನು ದೂರದಿಂದಲೇ ವಂದಿಸುತ್ತಿದ್ದರು. ತಮ್ಮ ಕಾವಲುಗಾರರಿಲ್ಲದೆ ಅವನ ಸಮೀಪಕ್ಕೆ ಹೋಗುತ್ತಿರಲಿಲ್ಲ. ಅರಸನ ಎದುರಿಗೆ ನಿಲ್ಲಲು ಸೇವಕನಿಗೆ ಕಾವಲು ಬೇಕಾದ ದಿನ ಆ ಅರಸೊತ್ತಿಗೆ ಮುಗಿದಂತೆಯೇ ಸರಿ.

ಮರುವರ್ಷ, ೧೪೮೨ರ ಮಾರ್ಚಿಯಲ್ಲಿ, ಇನ್ನೂ ಮೂವತ್ತು ತುಂಬದ ಸುಲ್ತಾನನು ತೀರಿಕೊಂಡನು. ಹನ್ನೆರಡು ವರ್ಷದ ಬಾಲಕ ಮಹಮೂದ್ ಶಾಹನಿಗೆ ಪಟ್ಟವಾಯಿತು. ಅಧಿಕಾರವೆಲ್ಲ ಮಲಿಕ್ ಹಸನನ ಕೈ ಸೇರಿತು. ಯೂಸುಫನು ಹೊಸ ಸುಲ್ತಾನನಿಗೆ ಗೌರವ ಸಲ್ಲಿಸಲು ಬೀದರಿಗೆ ಬಂದಾಗ ಅವನನ್ನೂ ಅವನ ಪಕ್ಷದ ತುರ್ಕರನ್ನೂ ಮುಗಿಸುವ ಸಂಚು ನಡೆಯಿತು. ನಗರದ ಬೀದಿಗಳಲ್ಲಿ ದಿನಗಟ್ಟಲೆ ರಕ್ತ ಹರಿಯಿತು. ಕೊನೆಗೆ ಸಂಧಾನವಾಗಿ ಯೂಸುಫನು ಬಿಜಾಪುರಕ್ಕೆ ಹೊರಟುಹೋದನು. ಮುಂದೆ ಮಲಿಕ್ ಹಸನನೂ ಬೀದರಿನಲ್ಲಿಯೇ ಕೊಲೆಗೀಡಾದನು. ಗವಾನನಿಗೆ ತೋಡಿದ ಹಳ್ಳ ತೋಡಿದವನನ್ನೂ ಬಿಡಲಿಲ್ಲ. ಅವನ ಮಗ ಮಲಿಕ್ ಅಹಮದನು ಅಹಮದನಗರದಲ್ಲಿಯೂ, ಇಮಾದುಲ್ ಮುಲ್ಕನು ಬೇರಾರಿನಲ್ಲಿಯೂ, ಯೂಸುಫನು ಬಿಜಾಪುರದಲ್ಲಿಯೂ ಸುಮಾರು ೧೪೯೦ರಲ್ಲಿ ಸ್ವತಂತ್ರರಾದರು. ಬೀದರಿನಲ್ಲಿ ಕಾಸಿಂ ಬರೀದನು ಸುಲ್ತಾನನನ್ನು ಬೊಂಬೆಯಂತೆ ಕುಳ್ಳಿರಿಸಿಕೊಂಡು ಆಳತೊಡಗಿದನು. ಮುಂದೆ ಗೋಲ್ಕೊಂಡವೂ ಬೇರೆಯಾಯಿತು. ಒಂದು ರಾಜ್ಯ ಐದಾಯಿತು.

ಯೂಸುಫನು ಸ್ವತಂತ್ರನಾದನೆಂದೆವು. ಆದರೆ ಆ ಸ್ವಾತಂತ್ರ್ಯದ ಸ್ವರೂಪವನ್ನು ಗಮನಿಸಬೇಕು. ಆತ ಛತ್ರ ಚಾಮರಗಳ ಆತುರಕ್ಕೆ ಬೀಳಲಿಲ್ಲ. ಬಹಮನಿ ಸುಲ್ತಾನನ ಹೆಸರನ್ನು ಅಳಿಸಿಹಾಕಲಿಲ್ಲ; ಶಾಹ ಎಂದು ಕರೆಸಿಕೊಳ್ಳದೆ ಖಾನನಾಗಿಯೇ ಉಳಿದನು. ಗೋವೆಗೆ ಬಂದ ಪೋರ್ಚುಗೀಸರು ಬಿಜಾಪುರದ ದೊರೆಗಳನ್ನು 'ಇದಲ್ಕಾವ್' ಎಂದು ಕರೆದರು. ಅದು ಆದಿಲ್ ಖಾನ್ ಎಂಬುದರ ಅಪಭ್ರಂಶವೇ ಹೊರತು ಆದಿಲ್ ಶಾಹ ಎಂಬುದರದ್ದಲ್ಲ. ೧೪೯೪ರಲ್ಲಿ ಕೊಂಕಣ ತೀರದಲ್ಲಿ ಬಹಾದೂರ್ ಗೀಲಾನಿ ಎಂಬ ಸರದಾರನು ಹಡಗುಗಳ ಸುಲಿಗೆಗಿಳಿದು, ಗುಜರಾತಿನ ಸುಲ್ತಾನನು ಆ ಬಗ್ಗೆ ಬೀದರಿಗೆ ದೂರಿತ್ತಾಗ, ಮಹಮೂದ್ ಶಾಹನ ಹೆಸರಿನಲ್ಲಿಯೇ ದಂಡು ಹೊರಟಿತು. ಅದಕ್ಕೆ ಯೂಸುಫನೂ ನೆರವಾದನು. ತನ್ನ ಮಗಳನ್ನು ಸುಲ್ತಾನನ ಮಗನಿಗೆ ಕೊಟ್ಟು ಬೀಗತನವನ್ನೂ ಬೆಳೆಸಿದನು. ಇದು ನಿಷ್ಠೆಯೋ, ರಾಜತಂತ್ರವೋ? ಎರಡೂ ಬೆರೆತಿರಬಹುದು. ಹಳೆಯ ಮನೆ ಬಿರುಕುಬಿಟ್ಟಿದ್ದರೂ ಅದರ ಸೂರಿಗೆ ಬೆಂಕಿಯಿಡದಿರುವ ವಿವೇಕವಂತೂ ಅದರಲ್ಲಿದೆ.

ಎರಡನೆಯದಾಗಿ, ಆತ ಈ ನೆಲದ ಜನರೊಂದಿಗೆ ಸಂಬಂಧ ಬೆಳೆಸಿದನು. ತನ್ನೊಡನೆ ಹೋರಾಡಿ ಸೋತ ಮುಕುಂದರಾವ್ ಎಂಬ ಮರಾಠಾ ನಾಯಕನನ್ನು ನಾಶಮಾಡದೆ ಪದವಿಯಿತ್ತು, ಅವನ ತಂಗಿಯನ್ನು ಮದುವೆಯಾದನು. ಬೂಬೂಜಿ ಖಾನಂ ಎಂದು ಹೆಸರಾದ ಈಕೆಯೇ ಆತನ ಪಟ್ಟದ ರಾಣಿ. ಎರಡನೆಯ ಅರಸನಾದ ಇಸ್ಮಾಯಿಲನ ತಾಯಿ. ಹೀಗಾಗಿ ಆದಿಲಶಾಹಿಯ ಮುಂದಿನ ಎಲ್ಲ ಅರಸರಲ್ಲಿಯೂ ದಖ್ಖನಿನ ಮಣ್ಣಿನ ರಕ್ತ ಸೇರಿತು. ಆಡಳಿತದಲ್ಲಿಯೂ ಹಿಂದೂ ಅಧಿಕಾರಿಗಳಿಗೆ ಸ್ಥಾನ ದೊರೆಯಿತು.

ಮೂರನೆಯದು ಇನ್ನೂ ಮಹತ್ವದ್ದು. ಯೂಸುಫನ ಒಲವು ಶಿಯಾ ಪಂಥದ ಕಡೆಗಿತ್ತು. ಸುಮಾರು ೧೫೦೨ರಲ್ಲಿ ಆತ ಬಿಜಾಪುರದ ಮಸೀದಿಯಲ್ಲಿ ಶಿಯಾ ವಿಧಿಯಂತೆ ಖುತ್ಬಾ ಓದಿಸಿದನು. ಸುನ್ನಿ ಪಂಥದ ನೆರೆಯ ದೊರೆಗಳು ಇದೇ ನೆಪವಾಗಿ ಒಟ್ಟುಗೂಡಿ ದಂಡೆತ್ತಿ ಬಂದರು. ಯೂಸುಫನು ಬೇರಾರಿಗೆ ಹೋಗಿ ಹಳೆಯ ಗೆಳೆಯ ಇಮಾದುಲ್ ಮುಲ್ಕನ ಸಲಹೆ ಕೇಳಿದನು. ಮೊದಲು ಕಲಹದ ನೆಪವನ್ನು ತೆಗೆದುಹಾಕು ಎಂಬುದು ಆ ಗೆಳೆಯನ ಸಲಹೆಯ ಸಾರ. ಅದರಂತೆ ಬಿಜಾಪುರದಲ್ಲಿ ಮತ್ತೆ ಸುನ್ನಿ ವಿಧಿಯನ್ನೇ ಜಾರಿಗೆ ತರಬೇಕೆಂದು ಆಜ್ಞೆ ಹೋಯಿತು. ನೆಪ ಹೋದ ಮೇಲೆ ಕೂಟವೂ ಚದುರಿತು. ಆತನ ರಾಜ್ಯದಲ್ಲಿ ಎರಡೂ ಪಂಥದವರು ಪರಸ್ಪರ ಕಾಡದೆ ತಮ್ಮ ತಮ್ಮ ಮಸೀದಿಗಳಲ್ಲಿ ತಮ್ಮ ತಮ್ಮ ರೀತಿಯಲ್ಲಿ ಪ್ರಾರ್ಥಿಸುತ್ತಿದ್ದರೆಂದು ಫಿರಿಶ್ತಾನು ಮೆಚ್ಚಿ ಬರೆದಿದ್ದಾನೆ. ಆಶ್ರಿತನ ಹೊಗಳಿಕೆ ಇದರಲ್ಲಿ ಸ್ವಲ್ಪ ಇರಬಹುದು. ಆದರೆ ತನ್ನ ನಂಬಿಕೆಯನ್ನು ಪ್ರಜೆಗಳ ಮೇಲೆ ಹೇರಹೋಗಿ, ತಪ್ಪನ್ನು ಅರಿತು ಹಿಂದೆ ಸರಿದ ಅರಸರು ಇತಿಹಾಸದಲ್ಲಿ ಎಷ್ಟು ಮಂದಿ? ಹಟಕ್ಕೆ ಬಿದ್ದು ರಾಜ್ಯವನ್ನೇ ಕಳೆದುಕೊಂಡವರೇ ಹೆಚ್ಚು.

ಇಷ್ಟು ಹೇಳಿದ ಮಾತ್ರಕ್ಕೆ ಯೂಸುಫನ ಕಾರ್ಯವೆಲ್ಲವೂ ಮಂಗಳಕರವಾಯಿತೆಂದು ತಿಳಿಯಬಾರದು. ಒಂದು ರಾಜ್ಯ ಐದಾದಾಗ ಅದರ ಬೆಲೆಯನ್ನು ತೆತ್ತವರು ರೈತರು. ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಮುದಗಲ್ಲುಗಳ ಫಲವತ್ತಾದ ಭೂಮಿಯಲ್ಲಿ ಬಿತ್ತಿದವನೊಬ್ಬ, ಬೆಳೆಯನ್ನು ತುಳಿದವರು ಹಲವರು. ಬಿಜಾಪುರದವರ ಮತ್ತು ವಿಜಯನಗರದವರ ದಂಡುಗಳು ಆ ನೆಲದ ಮೇಲೆ ಮತ್ತೆ ಮತ್ತೆ ಹಾದುಹೋದವು. ೧೫೨೦ರಲ್ಲಿ ಕೃಷ್ಣದೇವರಾಯನು ಯೂಸುಫನ ಮಗ ಇಸ್ಮಾಯಿಲನನ್ನು ರಾಯಚೂರಿನಲ್ಲಿ ಸೋಲಿಸಿದ ಪ್ರಸಿದ್ಧ ಯುದ್ಧವೂ ಆ ಸರಣಿಯದೇ. ಅದಕ್ಕಿಂತಲೂ ದೂರಗಾಮಿಯಾದದ್ದು ಗೋವೆಯ ನಷ್ಟ. ದಖ್ಖನಿನ ದೊರೆಗಳು ಒಬ್ಬರ ಗಡಿಯನ್ನು ಒಬ್ಬರು ಕತ್ತರಿಸುತ್ತಿದ್ದಾಗ, ಹೊನ್ನಾವರದ ತಿಮ್ಮಯ್ಯನ ಪ್ರೇರಣೆಯಿಂದ ಪೋರ್ಚುಗೀಸರ ಅಲ್ಬುಕರ್ಕನು ೧೫೧೦ರ ಆರಂಭದಲ್ಲಿ ಗೋವೆಯನ್ನು ಹಿಡಿದನು. ಮೇ ತಿಂಗಳಿನಲ್ಲಿ ಬಿಜಾಪುರದ ಸೈನ್ಯ ಅವನನ್ನು ಓಡಿಸಿತು. ನವೆಂಬರ್ ೨೫ರಂದು ಅವನು ಅದನ್ನು ಮತ್ತೆ ಗೆದ್ದುಕೊಂಡನು. ಗವಾನನು ಗಳಿಸಿಕೊಟ್ಟ ಆ ಬಂದರು ಹೀಗೆ ಹೋದದ್ದು ೧೯೬೧ರ ಡಿಸೆಂಬರಿನವರೆಗೂ ಪರಕೀಯರ ಕೈಯಲ್ಲಿಯೇ ಉಳಿಯಿತು.

ಆ ೧೫೧೦ರಲ್ಲಿಯೇ ಯೂಸುಫನು ತೀರಿಕೊಂಡನು. ಮಗ ಇಸ್ಮಾಯಿಲನು ಇನ್ನೂ ಬಾಲಕ. ಬಿಜಾಪುರದಲ್ಲಿ ಈಗ ಬೀದರಿನ ಕಥೆಯೇ ಮರುಕಳಿಸತೊಡಗಿತು. ರಾಜಪ್ರತಿನಿಧಿಯಾದ ಕಮಾಲ್ ಖಾನನು ಬಾಲಕನನ್ನೂ ತಾಯಿಯನ್ನೂ ಅರಮನೆಯಲ್ಲಿ ಬಂಧಿಸಿ, ತಾನೇ ಸಿಂಹಾಸನವೇರಲು ಸಿದ್ಧನಾದನು. ಯೂಸುಫನು ಯಾವ ದಾರಿಯಲ್ಲಿ ಮೇಲೇರಿದ್ದನೋ ಅದೇ ದಾರಿಯಲ್ಲಿ ಮತ್ತೊಬ್ಬನು ಅವನ ಮನೆಯ ಬಾಗಿಲಿಗೆ ಬಂದು ನಿಂತಿದ್ದನು! ಆಗ ವಂಶವನ್ನು ಉಳಿಸಿದವಳು ಬೂಬೂಜಿ ಖಾನಂ. ಆಕೆಯ ಸೂಚನೆಯಂತೆ ನಂಬಿಕಸ್ಥ ಸೇವಕನೊಬ್ಬನು ಮಕ್ಕಾ ಯಾತ್ರೆಗೆ ಅಪ್ಪಣೆ ಬೇಡುವ ನೆಪದಲ್ಲಿ ಕಮಾಲ್ ಖಾನನ ಬಳಿಗೆ ಹೋಗಿ, ಅವನು ವೀಳ್ಯ ನೀಡಲು ಕೈಚಾಚಿದಾಗ ಇರಿದು ಕೊಂದನು. ತಾನೂ ಅಲ್ಲಿಯೇ ಮಡಿದನು. ಕಮಾಲ್ ಖಾನನ ತಾಯಿ ಎದೆಗೆಡಲಿಲ್ಲ. ಮಗನ ಶವವನ್ನೇ ಜೀವಂತನಿರುವಂತೆ ಕುಳ್ಳಿರಿಸಿ, ಮೊಮ್ಮಗ ಸಫ್ದರ್ ಖಾನನನ್ನು ಅರಮನೆಯ ಮೇಲೆ ದಾಳಿಗೆ ಕಳುಹಿಸಿದಳು. ಅತ್ತ ಬೂಬೂಜಿಯೂ, ಬಾಲಕನ ಸೋದರತ್ತೆ ದಿಲ್ಶಾದ್ ಆಘಾಳೂ ಯೋಧರ ವೇಷ ಧರಿಸಿ ಗೋಡೆಯ ಮೇಲೆ ನಿಂತು ಸೈನಿಕರನ್ನು ಹುರಿದುಂಬಿಸಿದರು. ಕೊನೆಗೆ ಮೇಲಿನಿಂದ ಉರುಳಿಸಿದ ಬಂಡೆಗೆ ಸಿಕ್ಕಿ ಸಫ್ದರ್ ಖಾನನು ಸತ್ತನು. ಆದಿಲಶಾಹಿ ಉಳಿಯಿತು, ಔರಂಗಜೇಬನು ೧೬೮೬ರಲ್ಲಿ ಬಿಜಾಪುರವನ್ನು ಗೆಲ್ಲುವವರೆಗೂ ಉಳಿಯಿತು.

ಬೀದರಿನ ಬಾಲಕ ಮಹಮೂದ್ ಶಾಹನಿಗೂ ಬಿಜಾಪುರದ ಬಾಲಕ ಇಸ್ಮಾಯಿಲನಿಗೂ ಇದ್ದ ಅಂತರವೇನು? ಇಬ್ಬರೂ ಎಳೆಯರು, ಇಬ್ಬರ ಸುತ್ತಲೂ ಹಸಿದ ಸರದಾರರು. ಒಬ್ಬನಿಗಾಗಿ ಪ್ರಾಣ ಕೊಡಲು ಸಿದ್ಧರಾದವರಿದ್ದರು. ಮತ್ತೊಬ್ಬನ ತಂದೆಯೋ, ತನಗಾಗಿ ಪ್ರಾಣ ಕೊಡುತ್ತಿದ್ದವನ ತಲೆಯನ್ನೇ ಕಡಿಸಿದ್ದನು. ಉತ್ತರ ಇಷ್ಟರಲ್ಲಿಯೇ ಇದೆ.

ಆದಕಾರಣ, ವಾಚಕರೇ, ಯೂಸುಫ್ ಆದಿಲ್ ಖಾನನನ್ನು ಬರಿಯ ದ್ರೋಹಿಯೆನ್ನುವುದೂ ಸಲ್ಲದು, ದೋಷರಹಿತ ಮಹಾಪುರುಷನೆನ್ನುವುದೂ ಸಲ್ಲದು. ಆಶ್ರಯ ಕೊಟ್ಟ ಹಿರಿಯನ ಅನ್ಯಾಯದ ಸಾವನ್ನು ಕಂಡು, ತನ್ನ ತಲೆಯನ್ನು ಉಳಿಸಿಕೊಳ್ಳಲು ದೂರ ಸರಿದು, ಸರಿದ ಸ್ಥಳದಲ್ಲಿಯೇ ರಾಜ್ಯ ಕಟ್ಟಿದವನು ಆತ. ಕಾನೂನು, ಕೋಟೆ, ಲೆಕ್ಕಪತ್ರಗಳಿಂದ ಒಂದು ರಾಜ್ಯವನ್ನು ಭದ್ರಪಡಿಸಬಹುದೆಂದು ಗವಾನನು ನಂಬಿದ್ದನು. ಆತನ ಏರ್ಪಾಡುಗಳೇನೋ ಸರಿಯಾಗಿಯೇ ಇದ್ದವು. ಆದರೆ ನಿರಪರಾಧಿಗೆ ವಿಚಾರಣೆಯಿಲ್ಲದ ಶಿಕ್ಷೆಯಾದ ಒಂದೇ ದಿನದಲ್ಲಿ ಅವೆಲ್ಲ ನಿರರ್ಥಕವಾದವು. ದೊಡ್ಡ ರಾಜ್ಯಕ್ಕೇ ಆಗಲಿ, ಸಣ್ಣ ಸಂಸ್ಥೆಗೇ ಆಗಲಿ, ಒಂದು ಮನೆತನಕ್ಕೇ ಆಗಲಿ, ಹಿರಿಯ ಸ್ಥಾನದಲ್ಲಿ ಕುಳಿತವನು ಚಾಡಿ ಮಾತಿಗೆ ಕಿವಿಗೊಟ್ಟ ದಿನವೇ ಬಿರುಕು ಹುಟ್ಟುತ್ತದೆ. ಅದು ಹೊರಗೆ ಕಾಣುವುದು ಮಾತ್ರ ತಡವಾಗಿ.

ಮುಂದೆ ಎಂದಾದರೂ ಗೋಳಗುಮ್ಮಟವನ್ನು ನೋಡಲು ಹೋದಾಗ, ಬಿಡುವು ಮಾಡಿಕೊಂಡು ಬೀದರಿನ ಮದರಸಾಕ್ಕೂ ಗೋಗಿಯ ದರ್ಗಾಕ್ಕೂ ಹೋಗಿ ಬನ್ನಿರಿ. ಒಂದು ಕಡೆ ಗವಾನನ ವಿದ್ಯಾಪ್ರೇಮದ ಗುರುತು, ಇನ್ನೊಂದು ಕಡೆ ಅವನ ಶಿಷ್ಯನ ಸಮಾಧಿ. ಯೂಸುಫನ ಪಕ್ಕದಲ್ಲಿಯೇ ಮಗ ಇಸ್ಮಾಯಿಲನೂ, ಮೊಮ್ಮಗ ಮೊದಲನೆಯ ಇಬ್ರಾಹಿಮನೂ ಮಲಗಿದ್ದಾರೆ. ಗುಮ್ಮಟದ ಕೆಳಗೆ ನಿಂತಾಗ ನಮ್ಮ ದನಿಯೇ ನಮಗೆ ಮರಳಿ ಕೇಳಿಸುತ್ತದೆ. ಗೋಗಿಯಲ್ಲಿ ನಿಂತು ಸುಮ್ಮನೆ ಆಲಿಸಿದರೆ ಇತಿಹಾಸದ ದನಿ ಕೇಳಿಸೀತು.